ಇಲ್ಲದ ಶಾಲೆಯ ಮಾಸ್ತರ

ಆ ಊರಲ್ಲಿ ಶಾಲೆ ಇರಲಿಲ್ಲ. ಇದೆ ಎಂದು ಹೇಳಿದವನು ನಾನು.

ಎರಡು ಸಲ ಹೇಳಿದೆ. ಒಮ್ಮೆ ಕ್ಯಾಮೆರಾದ ಮುಂದೆ, ಇನ್ನೊಮ್ಮೆ ಒಬ್ಬ ಅಧಿಕಾರಿಯ ಮೇಜಿನ ಮುಂದೆ. ಮೊದಲನೆಯದಕ್ಕೆ ಬೇಕಾದಷ್ಟು ಸಮಜಾಯಿಷಿ ಕೊಡಬಲ್ಲೆ — ಆಗ ಇಂಥ ಚಿತ್ರಗಳನ್ನು ಹಾಗೇ ತೆಗೆಯುತ್ತಿದ್ದರು, ನಾನು ಬರೀ ಹೇಳಿದ್ದನ್ನು ಮಾಡುವವನು, ಹೀಗೆ. ಎರಡನೆಯದಕ್ಕೆ ಏನೂ ಇಲ್ಲ. ಆಗ ಗೋದಾವರಿ ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು ಒಂದೇ ಒಂದು ನಿಜ ಹೇಳಲಿ ಎಂದು ಔರಾದಿನ ಕಡೆಯಿಂದ ಬೀದರಿಗೆ ಬಂದಿದ್ದಳು.

ಪಕ್ಕದಲ್ಲಿದ್ದಳೋ, ಬಾಗಿಲ ಹತ್ತಿರವೋ — ಖಚಿತವಾಗಿ ಹೇಳಲಾರೆ. ಅವಳು ಹಸಿರು ಸೀರೆ ಉಟ್ಟಿದ್ದಳು ಎಂದು ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ನಾನು ಅವಳನ್ನು ಹೆಚ್ಚು ಸಲ ನೋಡಿದ್ದು ಪರದೆಯ ಮೇಲೆ, ಆ ಚಿತ್ರ ಕಪ್ಪು ಬಿಳುಪಿನದು. ಹಾಗಾದರೆ ಈ ಹಸಿರು ಎಲ್ಲಿಂದ ಬಂತು? ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದವನು ನಾನು. ಯಾವುದನ್ನೂ ಸಾಕ್ಷಿ ಇಲ್ಲದೆ ಒಪ್ಪಬಾರದು ಎಂಬುದನ್ನು ಅಲ್ಲಿ ಚೆನ್ನಾಗಿ ಕಲಿತೆ. ದೇವರಿಗೆ ಸಾಕ್ಷಿ ಕೇಳಿದೆ, ಹಿರಿಯರ ಮಾತಿಗೆ ಸಾಕ್ಷಿ ಕೇಳಿದೆ. ನನ್ನ ನೆನಪಿಗೆ ಸಾಕ್ಷಿ ಕೇಳಿಕೊಂಡದ್ದು ತೀರ ಈಚೆಗೆ, ಮುದುಕನಾದ ಮೇಲೆ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಬಣ್ಣ ತಪ್ಪಿರಬಹುದು, ಯಾರು ಎಲ್ಲಿ ನಿಂತಿದ್ದರು ಎಂಬುದು ತಪ್ಪಿರಬಹುದು. ಆಡಿದ ಮಾತು ಮಾತ್ರ ತಪ್ಪಿಲ್ಲ.

ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಸಂಗತಿ ಇದು. ಹೈದರಾಬಾದಿನ ಕಡೆ ಮುಖ ಮಾಡಿ ಬದುಕಿದ್ದವರು ನಾವು, ಇದ್ದಕ್ಕಿದ್ದ ಹಾಗೆ ಬೆಂಗಳೂರಿನ ಕಡೆ ತಿರುಗಬೇಕಾಯಿತು. ಕಚೇರಿಗಳಲ್ಲಿ ಉರ್ದು ಕಾಗದಗಳು ಗಂಟು ಗಂಟಾಗಿ ಬಿದ್ದಿದ್ದವು. ಅವನ್ನು ಕನ್ನಡಕ್ಕೆ ತಿರುಗಿಸುವುದು ನನ್ನ ಕೆಲಸ. ತಾತ್ಕಾಲಿಕ ಕೆಲಸ — ಕಾಯಂ ಆದರೂ ಆಗಬಹುದು, ಒಂದು ದಿನ ಸಾಕು ಹೋಗು ಎಂದರೂ ಎನ್ನಬಹುದು. ನಮ್ಮ ಅಪ್ಪ ನಿಜಾಮನ ಕಾಲದ ಗುಮಾಸ್ತರು. ಮುತ್ತಿನಂಥ ಉರ್ದು ಬರೆಯುತ್ತಿದ್ದವರು, ಕನ್ನಡದಲ್ಲಿ ಸಹಿ ಹಾಕಲು ಬಾರದೆ ಅವಧಿಗೆ ಮೊದಲೇ ಮನೆ ಸೇರಿದ್ದರು. ದಿನಾ ಸಂಜೆ ನಾನು ಬಂದ ಕೂಡಲೇ ನನ್ನ ಮುಖ ನೋಡುತ್ತಿದ್ದರು, ಕಾಯಂ ಆಯಿತೇ ಎಂದು ಕೇಳುತ್ತಿರಲಿಲ್ಲ.

ಆಗಲೇ ಬೆಂಗಳೂರಿನಿಂದ ಒಂದು ತಂಡ ಬಂತು. ಹೊಸ ರಾಜ್ಯದ ಒಂದೊಂದು ಜಿಲ್ಲೆಯ ಮೇಲೆ ಒಂದೊಂದು ಸಾಕ್ಷ್ಯಚಿತ್ರ ಮಾಡುವುದು ಅವರ ಕೆಲಸ. ನಮ್ಮ ಜಿಲ್ಲೆಯ ಪಾಲಿಗೆ ಬಂದ ವಿಷಯ ಗೋದಾವರಿ. ಹೆಣ್ಣುಮಕ್ಕಳ ಓದಿಗಾಗಿ ಊರೂರು ತಿರುಗುವ ಯುವತಿ ಎಂದು ಅವಳ ಬಗ್ಗೆ ಯಾವುದೋ ಪತ್ರಿಕೆಯಲ್ಲಿ ಬಂದಿತ್ತಂತೆ — ಭಾಲ್ಕಿಯ ಒಂದು ಸಭೆಯಲ್ಲಿ ಎದ್ದು ನಿಂತು ಮಾತಾಡಿದ್ದಳು. ನಿರ್ದೇಶಕರು ಮೈಸೂರಿನವರು. ನಮ್ಮ ಬೀದರ್ ಮಾತು ಅವರಿಗೆ ಅರ್ಧವೂ ತಿಳಿಯುತ್ತಿರಲಿಲ್ಲ, ಅವರ ಮಾತು ಕೇಳಿ ಹಳ್ಳಿಯವರು ನಗುತ್ತಿದ್ದರು. ನಡುವೆ ಮಾತು ದಾಟಿಸಲು ನನ್ನನ್ನು ಕೊಟ್ಟರು. ಒಳ್ಳೆಯ ಮನುಷ್ಯ ಅವರು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಬಹಳ ವರ್ಷ ತಪ್ಪನ್ನೆಲ್ಲ ಅವರ ತಲೆಗೇ ಕಟ್ಟಿದ್ದೆ.

ಜೀಪು ಜನವಾಡ ದಾಟಿ, ಮಾಂಜ್ರಾ ನದಿ ದಾಟಿ, ಔರಾದ್ ತಾಲೂಕಿನ ಒಳಗೆ ಹೋಯಿತು. ಊರಿನ ಹೆಸರು ಬರೆಯುವುದಿಲ್ಲ. ಆ ಊರಿನವರಿಗೆ ತಿಳಿಯುತ್ತದೆ, ಉಳಿದವರಿಗೆ ಬೇಕಾಗಿಲ್ಲ.

ಗೋದಾವರಿ ಹೊಲದಲ್ಲಿದ್ದಳು. ಜೋಳದ ಸಾಲುಗಳಲ್ಲಿ ಹೆಂಗಸರು ಕೂತು ಕಳೆ ತೆಗೆಯುತ್ತಿದ್ದರು, ಅವರ ನಡುವೆ ಇವಳೂ ಇದ್ದಳು.

“ಏನಮ್ಮಾ, ಸ್ವಲ್ಪ ಈ ಕಡೆ ಬರ್ತೀರಾ?” ಎಂದರು ನಿರ್ದೇಶಕರು. ಹೆಂಗಸರೆಲ್ಲ ಸೆರಗು ಬಾಯಿಗೆ ಹಚ್ಚಿ ನಕ್ಕರು.

“ಸಾಲು ಮುಗಿಸಿ ಬರ್ತೇನ್ರಿ,” ಎಂದಳು ಅವಳು ತಲೆ ಎತ್ತದೆ. “ನಡುವ ಎದ್ದರ ಈ ಕಾಕು ನನ್ನ ಪಗಾರ ಕಡಿತಾಳ.”

“ಹೋಗ ಹೋಗ,” ಎಂದಳು ಹೊಲದ ಒಡತಿಯಾದ ಆ ಕಾಕು. “ಸಿನಿಮಾದಾಗ ರಾಣಿ ಆದ ಮ್ಯಾಲ ನಮ್ಮ ಹೊಲಕ್ಕ ಯಾಕ ಬರ್ತಿ ನೀ!”

ಅವಳು ಊರಾಚೆಯ ದಲಿತ ಕೇರಿಯ ಹುಡುಗಿ. ಸೋದರಮಾವ ಹೈದರಾಬಾದಿನಲ್ಲಿ ರೈಲ್ವೆ ಕೂಲಿ. ಅವನ ಮನೆಯಲ್ಲಿದ್ದು ಏಳನೆಯ ತರಗತಿವರೆಗೆ ಓದಿ, ತಾಯಿಗೆ ಹುಷಾರಿಲ್ಲ ಎಂದು ಊರಿಗೆ ಬಂದಿದ್ದಳು. ಮೇಲಿನ ಮನೆಗಳ ಅಂಗಳಕ್ಕೆ ಅವಳು ಹೋಗುವ ಹಾಗಿರಲಿಲ್ಲ. ಆದರೆ ಹೊಲದ ಸಾಲಿನಲ್ಲಿ ಯಾರ ಪಕ್ಕ ಯಾರು ಕೂತರು ಎಂದು ಯಾರೂ ಅಷ್ಟಾಗಿ ನೋಡುತ್ತಿರಲಿಲ್ಲ. ಯಾವ ತಾಯಿಯ ಹತ್ತಿರ ಮಾತಾಡಬೇಕೋ ಅವಳ ಪಕ್ಕದ ಸಾಲು ಹಿಡಿಯುತ್ತಿದ್ದಳು. ಇವತ್ತು ಒಬ್ಬಳು, ನಾಳೆ ಇನ್ನೊಬ್ಬಳು. ಪತ್ರಿಕೆಯಲ್ಲಿ ಬಂದ ‘ಪ್ರಚಾರ’ ಎಂದರೆ ಇದು. ಕೈಯಲ್ಲಿ ಕಳೆ ತೆಗೆಯುವ ಕುರುಪಿ, ಬಾಯಲ್ಲಿ ಮಾತು, ಕೂತಲ್ಲಿಂದ ಮುಂದಕ್ಕೆ ಸರಿಯುತ್ತ ಸರಿಯುತ್ತ...

ಇಲಾಖೆಯವರು ಅವಳಿಗೆ ಹೇಳಿದ್ದು ಇಷ್ಟು: ಹುಡುಗಿಯರನ್ನು ಕಳಿಸುತ್ತೇವೆ ಎಂದು ಊರು ಒಪ್ಪಲಿ, ಒಬ್ಬ ಮಾಸ್ತರನನ್ನು ಕೊಡುತ್ತೇವೆ. ಒಪ್ಪಿಗೆ ಎಂದರೆ ಕಾಗದದ ಮೇಲೆ ಹೆಬ್ಬೆಟ್ಟು. ಆದರೆ ಅವಳು ಹೆಬ್ಬೆಟ್ಟು ಒತ್ತಿಸಿಕೊಳ್ಳಲಿಲ್ಲ. ಬದಲಿಗೆ ಕಲ್ಲು ಇಡಿಸಿದಳು.

ಇದನ್ನು ಬಿಡಿಸಿ ಹೇಳಬೇಕು. ಹೊಲದ ಬದುವಿನ ಜಗಳ ಬಗೆಹರಿದಾಗ ಆ ಊರಲ್ಲಿ ಒಂದು ರೂಢಿ ಇತ್ತು. ಒಪ್ಪಿದವನು ತನ್ನ ಹೊಲದಿಂದ ಒಂದು ಕಲ್ಲು ತಂದು ಚಾವಡಿಯ ಮುಂದೆ ಹಿರಿಯರ ಎದುರಿಗೆ ಇಡಬೇಕು. ಕಲ್ಲು ಇರುವವರೆಗೆ ಮಾತು ಇದೆ. ಅದನ್ನು ಯಾರೂ ಮುಟ್ಟುವುದಿಲ್ಲ. ಗೋದಾವರಿ ಈ ರೂಢಿಯನ್ನು ಹಿಡಿದಳು. ಮಗಳನ್ನು ಶಾಲೆಗೆ ಕಳಿಸುತ್ತೇನೆ ಎಂದು ಒಪ್ಪಿದ ಮನೆಯವರು ಒಂದು ಕಲ್ಲು ಇಡಬೇಕು. ನಾವು ಹೋಗುವ ಹೊತ್ತಿಗೆ ಚಾವಡಿಯ ಮುಂದಿನ ಬಯಲಿನಲ್ಲಿ ಕಲ್ಲುಗಳು ಸಾಲಾಗಿ ಕೂತಿದ್ದವು, ಒಂದರ ಪಕ್ಕ ಒಂದು.

ಆ ಬೆಳಿಗ್ಗೆ ಸಾಲು ಮುಗಿಸಿದ ಮೇಲೆ ಅವಳೇ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದಳು. “ಈ ಚಪ್ಪಟಿ ಕಲ್ಲು ಶಿವರಾಯಪ್ಪನ ಮನಿದು. ಮೂರು ಹಬ್ಬ ಇವತ್ತು ನಾಳಿ ಅಂದಾ, ಕಡೀಗಿ ಇಟ್ಟಾ. ಇದು ಆ ಕಾಕುಂದು. ಈ ಸಣ್ಣದು ನೋಡ್ರಿ — ಹೆಂಡ್ತಿ ಇಟ್ಟಾಳ, ಗಂಡಗ ಇನ್ನಾ ಗೊತ್ತಿಲ್ಲ.” ನಕ್ಕಳು. “ಸಾಲಿ ಇನ್ಸ್‌ಪೆಕ್ಟರ್ ಸಾಬ್ರು ಬಂದಾಗ ತೋರಸ್ತೇನಿ, ಎಣಿಸ್ಕೊಳ್ರಿ ಅಂತ.”

ನಾನೂ ನಕ್ಕೆ, ಬೇರೆ ರೀತಿಯಲ್ಲಿ. “ಕಲ್ಲು ನೋಡಿ ಮಾಸ್ತರನ್ನ ಕೊಡ್ತಾರೇನವಾ? ಸರ್ಕಾರಕ್ಕ ಕಾಗದ ಬೇಕು.”

“ಕಾಗದಂದ್ರ ನಮ್ಮ ಮಂದಿ ಅಂಜ್ತಾರ್ರಿ, ಸಾಹೇಬ್ರ,” ಎಂದಳು. “ಹೆಬ್ಬೆಟ್ಟು ಒತ್ತಿದವ್ರ ಹೊಲಾನೇ ಹೋಗ್ಯಾವ. ಕಲ್ಲಿಗಿ ಅಂಜಂಗಿಲ್ಲ. ಕಲ್ಲು ಇಟ್ಟು ಸುಳ್ಳು ಹೇಳಿದವ್ರು ಈ ಊರಾಗ ಇಲ್ಲ.”

ನನಗೆ ಅದು ಮೂಢನಂಬಿಕೆ ಎನ್ನಿಸಿತು. ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ನನಗೆ ತಿಳಿಸಿ ಹೇಳಿದ್ದಳು ಎಂಬುದನ್ನು ಇಲ್ಲಿ ಗುರುತು ಮಾಡಿ ಮುಂದೆ ಹೋಗುತ್ತೇನೆ. ಆ ಕಲ್ಲುಗಳು ಏನೆಂದು ಆ ದಿನ ಬೆಳಿಗ್ಗೆಯೇ ನನಗೆ ಗೊತ್ತಿತ್ತು.

ಹೊಲದಲ್ಲಿ ಒಂದಷ್ಟು ಚಿತ್ರ ತೆಗೆದರು. ಆಮೇಲೆ ನಿರ್ದೇಶಕರು ಗಲ್ಲಕ್ಕೆ ಕೈಯಿಟ್ಟು ಕೂತರು. “ಇವರು ಇಷ್ಟೆಲ್ಲ ಓಡಾಡಿದ್ದಾರೆ ಸರಿ, ಕೊನೆಯಲ್ಲಿ ಒಂದು ಶಾಲೆ ಕಾಣಬೇಡವೆ? ಇಲ್ಲದಿದ್ದರೆ ನೋಡಿದವರಿಗೆ ಏನು ಸಿಕ್ಕಿತು?” ಶಾಲೆ ಇನ್ನೂ ಬಂದಿಲ್ಲ ಎಂದೆ. “ಬರುತ್ತದಲ್ಲ. ಬಂದ ಹಾಗೆ ಕಾಣಿಸಿದರೆ ಸಾಕು.”

ಇದನ್ನು ಗೋದಾವರಿಗೆ ತಿಳಿಸಿದೆ. “ಸುಳ್ಳು ಆಗಂಗಿಲ್ಲೇನ್ರಿ?” ಎಂದಳು.

“ಚಿತ್ರ ನೋಡಿದ್ರ ಸರ್ಕಾರ ಲಗೂ ಮಾಸ್ತರನ್ನ ಕೊಡ್ತದ,” ಎಂದೆ. ನಿರ್ದೇಶಕರು ಹಾಗೆ ಹೇಳಿರಲಿಲ್ಲ. ಅದು ನನ್ನದೇ ಮಾತು. ಅವರಿಬ್ಬರ ನಡುವೆ ನಿಂತವನು ನಾನೊಬ್ಬನೇ, ಅವರ ಮಾತೆಂದು ಏನನ್ನಾದರೂ ಹೇಳಬಹುದಿತ್ತು. ಅವಳು ಒಪ್ಪಿ, ಹುಡುಗಿಯರನ್ನು ಕರೆತರಲು ಹೋದಳು.

ಬೆಳಕು ಚೆನ್ನಾಗಿ ಬೀಳುವ ಜಾಗ ಚಾವಡಿಯ ಮುಂದಿನ ಬಯಲು ಒಂದೇ. ಕ್ಯಾಮೆರಾ ಅಲ್ಲಿಗೆ ಬಂತು. ಕಲ್ಲುಗಳು ಅಡ್ಡ ಬಂದವು. ಇಲ್ಲಿ — ಇಲ್ಲಿ ನನ್ನ ನೆನಪು ಎರಡಾಗುತ್ತದೆ. ಬಹಳ ವರ್ಷ ನಾನು ನೆನೆಸಿಕೊಂಡದ್ದು ಹೀಗೆ: ನಿರ್ದೇಶಕರು “ಆ ಕಲ್ಲು ತೆಗೆಸಿ” ಎಂದರು, ನಾನು ತೆಗೆಸಿದೆ. ಎಷ್ಟು ಸರಳ! ಆದರೆ ಆ ಮಾತನ್ನು ಅವರ ದನಿಯಲ್ಲಿ ಕೇಳಿಸಿಕೊಳ್ಳಲು ಹೋದರೆ ಕೇಳಿಸುವುದಿಲ್ಲ. ಕೇಳಿಸುವುದು ಬೇರೆ: “ಅವೇನು ಕಲ್ಲುಗಳು?” ಎಂದು ಅವರು ಕೇಳುತ್ತಾರೆ. “ಏನಿಲ್ಲ ಸರ್, ಹಾಳು ಕಲ್ಲು,” ಎಂದು ನನ್ನ ದನಿ ಹೇಳುತ್ತದೆ. ಅವರು ಕೇಳಿದರು, ನಾನು ಹೇಳಿದೆ. ಈಗ ನಾನು ನಂಬುವುದು ಇದನ್ನೇ. ನನಗೆ ಅನುಕೂಲವಾದ ನೆನಪನ್ನು ನಾನು ಯಾಕೆ ನಂಬಬೇಕು?

ಊರಿನ ತಳವಾರ ಮಾಣಿಕ ಅಲ್ಲಿದ್ದ. ಅವನ್ನೆಲ್ಲ ಆಚೆ ಸರಿಸು ಎಂದೆ.

“ಸಾಹೇಬ್ರ, ಅವು ಗೋದಾವರಿ ಇಡಸಿದ ಕಲ್ಲು ಅವರಿ. ಅವಕ್ಕ ಕೈ ಹಚ್ಚಂಗಿಲ್ಲ.”

“ಸರ್ಕಾರದ ಕೆಲಸ ಅದ. ಸರಸು.”

“ನೀವು ಹೇಳೀರಿ ಅಂತ ಸರಸ್ತೇನಿ. ನಾಳಿ ಯಾರರ ಕೇಳಿದ್ರ ನಿಮ್ಮ ಹೆಸರು ಹೇಳ್ತೇನಿ ನೋಡ್ರಿ ಮತ್ತ.”

“ಹೇಳು ಹೇಳು,” ಎಂದು ನಕ್ಕೆ.

ಅವನು ಒಂದೊಂದಾಗಿ ಎತ್ತಿ ಹಳ್ಳದ ದಂಡೆಗೆ ಒಯ್ದು ಹಾಕಿದ. ಗಾಳಿ ಜೋರಾಗಿತ್ತು, ಬಿಸಿಲು ತಿರುಗಿಸುವ ಹಲಗೆಗಳು ಅಲುಗಾಡುತ್ತಿದ್ದವು. ಕ್ಯಾಮೆರಾದವನು ಎರಡು ಮೂರು ಕಲ್ಲು ಕೇಳಿ ಹಲಗೆಯ ಕಾಲಿಗೆ ಒತ್ತಿಟ್ಟುಕೊಂಡ.

ಗೋದಾವರಿ ಹುಡುಗಿಯರ ಹಿಂಡಿನೊಂದಿಗೆ ಬಂದಳು. ಎಲ್ಲರಿಗೂ ತಲೆಗೆ ಎಣ್ಣೆ, ಹಣೆಗೆ ದೊಡ್ಡ ಕುಂಕುಮ. ಕೆಲವರು ತಾಯಂದಿರ ಸೀರೆಯನ್ನು ಮಡಿಚಿ ಮಡಿಚಿ ಸುತ್ತಿಕೊಂಡಿದ್ದರು. ಮೇಲಿನ ಮನೆಯವರೂ ಇದ್ದರು, ಕೇರಿಯವರೂ ಇದ್ದರು. ಬಯಲು ಖಾಲಿ ಇದ್ದದ್ದನ್ನು ನೋಡಿ ನಿಂತಳು. ಆಮೇಲೆ ಹಳ್ಳದ ದಂಡೆಗೆ ಹೋದಳು. ಗುಡ್ಡೆಯಾಗಿ ಬಿದ್ದ ಕಲ್ಲುಗಳಲ್ಲಿ ಒಂದನ್ನು ಎತ್ತಿದಳು, ಇನ್ನೊಂದನ್ನು ಹೊರಳಿಸಿದಳು.

“ಇದು ಶಿವರಾಯಪ್ಪಂದೇನೋ... ಇದು ಯಾರ್ದು? ಹ್ಯಾಂಗ ಹೇಳ್ಲಿ ಈಗ? ಯಾರು ತೆಗದ್ರು ಇವು?”

ಮಾಣಿಕ ನನ್ನ ಕಡೆ ನೋಡಿದ. ನಾನು ಕ್ಯಾಮೆರಾದ ಕಡೆ ನೋಡಿದೆ. ಬೆಳಕು ಹೋಗುತ್ತದೆ ಎಂದು ನಿರ್ದೇಶಕರು ಕೂಗಿದರು. ಅವಳು ಹುಡುಗಿಯರನ್ನು ನೋಡಿದಳು. ಜಗಳ ತೆಗೆದರೆ ಅವರನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ಮೊದಲ ಸಲ ಒಂದೇ ಜಾಗದಲ್ಲಿ ಎಲ್ಲರೂ ಕೂಡಿದ್ದರು. ಸೆರಗಿಗೆ ಕೈ ಒರೆಸಿಕೊಂಡು ಬಂದು ಅವರನ್ನು ಸಾಲಾಗಿ ಕೂರಿಸಿದಳು.

ಮಾಸ್ತರನ ಪಾತ್ರಕ್ಕೆ ಯಾರು? “ನೀವೇ ನಿಂತುಬಿಡಿ, ಕೋಟು ಹಾಕಿಕೊಂಡಿದ್ದೀರಿ,” ಎಂದರು ನಿರ್ದೇಶಕರು. ಯಾರದೋ ಮನೆಯ ಹಳೆಯ ಬಾಗಿಲ ಹಲಗೆಗೆ ಮಸಿ ಬಳಿದು ಗೋಡೆಗೆ ಆನಿಸಿದರು. ನಾನು ಅದರ ಮುಂದೆ ನಿಂತು ಸುಣ್ಣದ ಕಡ್ಡಿಯಿಂದ ಅ ಬರೆದೆ, ಆ ಬರೆದೆ. ಹುಡುಗಿಯರು ಗಂಟಲು ಹರಿಯುವ ಹಾಗೆ ಕೂಗಿ ಹೇಳಿದರು. ಕ್ಯಾಮೆರಾ ದನಿಯನ್ನು ಹಿಡಿಯುವುದಿಲ್ಲ, ಸುಮ್ಮನೆ ಬಾಯಿ ಆಡಿಸಿದರೂ ಸಾಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರು ನಿಜವಾಗಿ ಕಲಿಯುತ್ತಿದ್ದರು. ಕತ್ತಲಾಗುವ ಮೊದಲೇ ನಾವು ಜೀಪು ಹತ್ತಿ ಬೀದರಿಗೆ ಬಂದೆವು.

ಚಿತ್ರಕ್ಕೆ ಹಿನ್ನೆಲೆಯ ಮಾತನ್ನು ನಾನೇ ಬರೆದುಕೊಟ್ಟೆ. ‘ಈ ದಿಟ್ಟ ಯುವತಿಯ ಪ್ರಯತ್ನದಿಂದ ಇಂದು ಈ ಊರಿನ ಹೆಣ್ಣುಮಕ್ಕಳಿಗೆ ಶಾಲೆ ದೊರೆತಿದೆ’ — ಇಂಥ ವಾಕ್ಯ. ಬೀದರಿನಲ್ಲಿ ಅಧಿಕಾರಿಗಳೆಲ್ಲ ಕೂತು ಅದನ್ನು ನೋಡಿದರು. ದೀಪ ಹತ್ತಿದ ಮೇಲೆ ಒಬ್ಬರು ನನ್ನ ಬೆನ್ನು ತಟ್ಟಿದರು. ನಿಮ್ಮ ಕೆಲಸದ ವಿಚಾರ ಮೇಲೆ ಹೋಗಿದೆ, ಚಿಂತೆ ಮಾಡಬೇಡಿ ಎಂದು ಇನ್ನೊಬ್ಬರು ಹೇಳಿದರು. ಆ ಸಂಜೆ ಮನೆಯಲ್ಲಿ ಅಪ್ಪನಿಗೆ ಇದನ್ನು ಹೇಳಿದೆ. ಅಪ್ಪ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಕೆಲವು ವಾರಗಳಾಗಿರಬೇಕು. ಗೋದಾವರಿ ನನ್ನ ಕಚೇರಿಯ ಜಗುಲಿಯಲ್ಲಿ ನಿಂತಿದ್ದಳು.

“ನಮ್ಮೂರಿಗಿ ಬರೋ ಮಾಸ್ತರ್ ಬ್ಯಾರೆ ಊರಿಗಿ ಹೊಂಟಾನಂತ್ರಿ,” ಎಂದಳು. “ಕಚೇರ್ಯಾಗ ಕೇಳಿದ್ರ, ನಿಮ್ಮೂರಾಗ ಸಾಲಿ ಅದಲಾ, ಸಾಹೇಬ್ರೇ ಸಿನಿಮಾದಾಗ ನೋಡ್ಯಾರ ಅಂತಾರ. ಇಲ್ಲರೀ ಯಪ್ಪಾ ಅಂದ್ರ ನನ್ನ ಮಾತು ಯಾರ್ ಕೇಳ್ತಾರ? ಕಲ್ಲರ ಇದ್ವು, ತೋರಸ್ತಿದ್ದೆ. ಈಗ ಅವೂ ಇಲ್ಲ. ನೀವೊಬ್ರು ಬಂದು ಹೇಳ್ರಿ, ಸಾಹೇಬ್ರ. ಮಾಸ್ತರ್ ನೀವೇ ಇದ್ದಿರಿ ಅದ್ರಾಗ. ನೀವು ಹೇಳಿದ್ರ ಕೇಳ್ತಾರ.”

ಬರುತ್ತೇನೆ ಎಂದೆ. ನಿಜವಾಗಿ ಹೇಳುವ ಮನಸ್ಸಿತ್ತು. ಇಲ್ಲ — ಮನಸ್ಸಿತ್ತು ಎಂದು ಹೇಗೆ ಗೊತ್ತು? ಅವಳ ಜೊತೆ ಎದ್ದು ಹೋದದ್ದು ಮಾತ್ರ ಗೊತ್ತು.

ಶಿಕ್ಷಣ ಇಲಾಖೆಯ ಆ ಅಧಿಕಾರಿಯೂ ಹೊಸದಾಗಿ ಮೈಸೂರಿನ ಕಡೆಯಿಂದ ಬಂದವರು. ನನ್ನನ್ನು ನೋಡಿ ನಕ್ಕರು. “ಬನ್ನಿ ಮೇಷ್ಟ್ರೆ!” ಎಂದರು. ಚಿತ್ರದಲ್ಲಿ ನನ್ನನ್ನು ಗುರುತಿಸಿದ್ದರು. ಗೋದಾವರಿಯನ್ನೂ ಗುರುತಿಸಿದರು. “ಓ, ಇವರೂ ಬಂದಿದ್ದಾರೆ. ಬಹಳ ಚೆನ್ನಾಗಿತ್ತು ನಿಮ್ಮ ಚಿತ್ರ. ಬೆಂಗಳೂರಿನಲ್ಲೂ ಮೆಚ್ಚಿದ್ದಾರಂತೆ.” ಕೂರಲು ನನಗೆ ಕುರ್ಚಿ ತೋರಿಸಿದರು. ಆಮೇಲೆ ಅವರೇ ಕೇಳಿದರು: “ಈ ಊರಲ್ಲಿ ಶಾಲೆ ಇದೆ ಅಲ್ಲವೆ? ಇಲ್ಲ ಅಂತ ಯಾರೋ ಹೇಳುತ್ತಿದ್ದಾರಂತೆ.”

ಆಗ ನನ್ನ ತಲೆಯಲ್ಲಿ ಓಡಿದ್ದು ಇಷ್ಟು: ಇಲ್ಲ ಎಂದರೆ, ಹಾಗಾದರೆ ‘ಶಾಲೆ ದೊರೆತಿದೆ’ ಎಂದು ಬರೆದವರು ಯಾರು ಎಂದು ಕೇಳುತ್ತಾರೆ. ಬರೆದವನು ನಾನು. ಕೆಲಸದ ವಿಚಾರ ಮೇಲೆ ಹೋಗಿದೆ. ಅಷ್ಟೆ. ಇನ್ನೇನೂ ಇರಲಿಲ್ಲ. ದೊಡ್ಡ ಭಯ, ದೊಡ್ಡ ಒತ್ತಡ ಏನೂ ಇರಲಿಲ್ಲ. ಆ ಮನುಷ್ಯ ನಗುತ್ತಲೇ ಕೂತಿದ್ದರು.

“ಇದೆ ಸರ್,” ಎಂದೆ.

ನಮ್ಮ ಬೀದರಿನ ಬಾಯಲ್ಲಿ ‘ಅದ’ ಎನ್ನುತ್ತೇವೆ. ನಾನು ಅವರ ಹಾಗೆ, ಅವರಿಗೆ ಹಿತವಾಗುವ ಹಾಗೆ ಹೇಳಿದೆ.

“ಮತ್ತೆ ಇವರು ಯಾಕೆ ಬಂದಿದ್ದು? ಕಟ್ಟಡ ಬೇಕು ಅಂತಲೋ?”

“ಹೌದು ಸರ್.”

“ಆಗಲಿ. ಇಲ್ಲದ ಊರಿಗೆ ಮೊದಲು ಕೊಡೋಣ. ಮುಂದಿನ ವರ್ಷ ಇವರದು ನೋಡೋಣ.”

ಗೋದಾವರಿಯನ್ನು ಯಾರೂ ಏನೂ ಕೇಳಲಿಲ್ಲ. ಹೊರಗೆ ಬಂದ ಮೇಲೆ ನನ್ನ ಮುಖ ನೋಡಿ, “ಯಾಕ್ರಿ?” ಎಂದಳು. ಸಿಟ್ಟು ಇರಲಿಲ್ಲ. ತಿಳಿಯದೆ ಕೇಳುವ ಹಾಗೆ ಕೇಳಿದಳು.

“ಮುಂದಿನ ವರ್ಷ ಖಂಡಿತ ಕೊಡ್ತಾರ,” ಎಂದೆ.

“ಮುಂದಿನ ವರ್ಷ ಅವು ಗಂಡನ ಮನ್ಯಾಗ ಇರ್ತಾವರಿ,” ಎಂದು ಹೇಳಿ ಮೆಟ್ಟಿಲು ಇಳಿದಳು. ನಾನು ಅವಳನ್ನು ಮತ್ತೆ ನೋಡಲಿಲ್ಲ.

ನನ್ನ ಕೆಲಸ ಕಾಯಂ ಆಯಿತು. ಮೇಲಕ್ಕೂ ಹೋದೆ. ಈ ‘ಇದೆ ಸರ್’ ಎಂಬ ಮಾತನ್ನು ಯಾರಿಗೂ ಹೇಳಲಿಲ್ಲ; ಹೆಂಡತಿಗೂ, ಮಕ್ಕಳಿಗೂ. ಆದರೆ ಸಿನಿಮಾದ ಕಥೆಯನ್ನು ಮಾತ್ರ ಹೇಳುತ್ತಿದ್ದೆ. ಮದುವೆ ಮುಂಜಿಗಳಲ್ಲಿ, ಊಟ ಆದ ಮೇಲೆ, ನಗಿಸಲು. ನಾನೂ ಒಂದು ಕಾಲಕ್ಕೆ ಸಿನಿಮಾ ನಟ ಎಂದು ಶುರು ಮಾಡುತ್ತಿದ್ದೆ. ಬಾಗಿಲ ಹಲಗೆಗೆ ಮಸಿ ಬಳಿದದ್ದು, ನಾನು ಮಾಸ್ತರನಾಗಿ ಗಂಭೀರವಾಗಿ ನಿಂತದ್ದು, ಹುಡುಗಿಯರು ಊರೇ ಕೇಳುವ ಹಾಗೆ ಕಿರುಚಿದ್ದು. ಎಲ್ಲರೂ ನಗುತ್ತಿದ್ದರು. ಎಷ್ಟು ಸಲ ಹೇಳಿದ್ದೇನೋ — ಬಹುಶಃ ಹಾಗೆ ಹೇಳಿ ಹೇಳಿಯೇ ಕಲ್ಲುಗಳು ಕಥೆಯಿಂದ ಬಿದ್ದುಹೋದವು.

ಕೆಲವು ವರ್ಷಗಳ ಹಿಂದೆ ಕಮಲನಗರದಲ್ಲಿ ಒಂದು ಮದುವೆ. ಊಟ ಮುಗಿದಿತ್ತು, ಚಪ್ಪರದ ಕೆಳಗೆ ಬೀಗರ ಗುಂಪು, ಮರಾಠಿ ಕನ್ನಡ ಎರಡೂ ಕೂಡಿದ ಗದ್ದಲ. ಯಾರೋ ಕೇಳಿದರು, ನಾನು ಕಥೆ ಹೇಳಿದೆ. ಊರಿನ ಹೆಸರನ್ನೂ ಹೇಳಿದೆ. ಎಲ್ಲರೂ ನಕ್ಕರು. ಆಚೆ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಒಬ್ಬ ಮುದುಕಿ ಕೈ ನಿಲ್ಲಿಸಿದಳು.

“ಆ ಮಾಸ್ತರ್ ನೀವೇ ಏನ್ರಿ?” ಎಂದಳು.

ಅವರ ಹೆಸರು ಶಾಂತಮ್ಮ. ಆ ಊರಿನ ಮಗಳು, ಕಮಲನಗರಕ್ಕೆ ಕೊಟ್ಟಿದ್ದರು. ಆ ದಿನ ಮುಂದಿನ ಸಾಲಿನಲ್ಲಿ ಕೂತಿದ್ದರಂತೆ. ಎದ್ದು ಹತ್ತಿರ ಬಂದು ನನ್ನ ಮುಖವನ್ನು ಬಾಗಿ ನೋಡಿದರು.

“ನಾಳಿ ಹೊತ್ತೇರಿದ ಮ್ಯಾಲ ಬರ್ರಿ ಅಂದಿದ್ರಿ ನೀವು. ನಾವೆಲ್ಲಾ ಬಂದ್ವಿ. ತಲಿ ಹಿಕ್ಕೊಂಡು, ರೊಟ್ಟಿ ಕಟಗೊಂಡು ಬಂದ್ವಿ. ನೀವು ಬರ್ಲೇ ಇಲ್ಲ.”

ನಾಳೆ ಬನ್ನಿ ಎಂದು ನಾನು ಹೇಳಿದ್ದು ನನಗೆ ನೆನಪಿಲ್ಲ. ಸ್ವಲ್ಪವೂ ಇಲ್ಲ. ಹೇಳಿರಲಾರೆ ಎನ್ನಲು ನನ್ನ ಹತ್ತಿರ ಸಾಕ್ಷಿಯೂ ಇಲ್ಲ. ಯಾವುದೋ ಹುಡುಗಿ ನಾಳೆ ಯಾವಾಗ ಎಂದು ಕೇಳಿರಬೇಕು, ಜೀಪು ಹತ್ತುವ ಅವಸರದಲ್ಲಿ ಬಾಯಿಗೆ ಬಂದದ್ದು ಹೇಳಿರಬೇಕು.

“ಗೋದಕ್ಕ ಹೇಳಿದ್ಳು, ಮಾಸ್ತರ್ರಿಗಿ ಜ್ವರ ಬಂದಾವ, ಆರಾಮ ಆದ ಮ್ಯಾಲ ಬರ್ತಾರ ಅಂತ. ದಿನಾ ಕೇಳ್ತಿದ್ವಿ, ದಿನಾ ಜ್ವರ ಅಂತಿದ್ಳು. ಆಕಿನೇ ಒಂದೆರಡು ಅಕ್ಷರ ಬರಸ್ತಿದ್ಳು. ಆಮ್ಯಾಲ ನಮ್ಮಪ್ಪ ಬಿಡಿಸಿದಾ. ಕಲ್ಲೇ ಇಲ್ಲ, ಮಾತು ಎಲ್ಲೀದು ಅಂದಾ. ಒಬ್ಬ ಅಂದ ಮ್ಯಾಲ ಎಲ್ಲಾರೂ ಅಂದ್ರು. ಸಿನಿಮಾದವ್ರ ಕಡಿಂದ ರೊಕ್ಕಾ ತಿಂದಾಳ ಅಂತ ಗೋದಕ್ಕಗ ಯಾರೂ ಕಳೆ ತೆಗ್ಯಾಕ ಕರಿಲಿಲ್ಲ. ಕೂಲಿ ಇಲ್ಲ ಏನಿಲ್ಲ. ಹೈದರಾಬಾದಿಗಿ ಹೋದ್ಳು. ಹೋದಾಕಿ ಹೊಳ್ಳಿ ಬರ್ಲಿಲ್ಲ.” ಎಲೆಗೆ ಸುಣ್ಣ ಹಚ್ಚಿದರು. “ನನ್ನ ಮಗಳ ಪಾಳಿಗಿ ಬಂತು ಸಾಲಿ.”

ಸುತ್ತ ಕೂತವರು ಇನ್ನೂ ನಗುವ ಹುಮ್ಮಸ್ಸಿನಲ್ಲೇ ಇದ್ದರು. ಶಾಂತಮ್ಮನೂ ನಗುತ್ತಿದ್ದರು, ಬಾಯಿ ತುಂಬ ಎಲೆ ಇಟ್ಟುಕೊಂಡು. “ಮತ್ತ ಜ್ವರ ಬಿಟ್ಟಾವೇನ್ರಿ, ಮಾಸ್ತರ್ರ?” ಎಂದರು.

ಚಪ್ಪರವೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ. ಹೌದು — ನಕ್ಕೆ. ಆಗಲಾದರೂ ಹೇಳಬಹುದಿತ್ತು. ಎಲ್ಲರೂ ಕೇಳುತ್ತಿದ್ದರು. ಶಾಂತಮ್ಮ ಕೇಳಿದ್ದು ತಮಾಷೆಗೋ, ಬೇರೆ ಯಾತಕ್ಕೋ ಇವತ್ತಿಗೂ ಗೊತ್ತಿಲ್ಲ. ಅವರ ಕಣ್ಣು ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ನೋಡಲಿಲ್ಲ.

ಆಮೇಲೆ ಗೋದಾವರಿಯನ್ನು ಹೈದರಾಬಾದಿನಲ್ಲೆಲ್ಲ ಹುಡುಕಿದೆ ಎಂದು ಬರೆಯಲು ಕೈ ಹೋಗುತ್ತದೆ. ಹುಡುಕಲಿಲ್ಲ. ವಯಸ್ಸಾಗಿದೆ, ವಿಳಾಸವಿಲ್ಲ ಎಂದುಕೊಂಡೆ. ಎರಡೂ ನಿಜ. ವಯಸ್ಸಿದ್ದಾಗ, ಅವಳ ಮಾವ ರೈಲ್ವೆಯಲ್ಲಿದ್ದಾನೆ ಎಂದು ಗೊತ್ತಿದ್ದಾಗಲೂ ಹುಡುಕಲಿಲ್ಲ ಎಂಬುದೂ ನಿಜ. ಅವಳು ಇದ್ದಾಳೋ ಇಲ್ಲವೋ ತಿಳಿಯದು. ಆ ಮಕ್ಕಳ ಮುಂದೆ ನನ್ನ ಮರ್ಯಾದೆ ಉಳಿಸಲು ಅವಳು ದಿನಾ ಒಂದು ಸುಳ್ಳು ಹೇಳಿದಳು. ಅಥವಾ ನನ್ನ ಮರ್ಯಾದೆಗಲ್ಲ — ಅವರು ನಾಳೆಯೂ ಬರಲಿ ಎಂದು. ಹೌದು, ಅದಕ್ಕೇ ಇರಬೇಕು. ನನ್ನ ಮರ್ಯಾದೆಯನ್ನು ಇಲ್ಲಿಗೂ ತರುವವನು ನಾನೇ.

ಇದನ್ನು ಬರೆದು ಮುಗಿಸಲು ಬಹಳ ದಿನ ಹಿಡಿಯಿತು. ಹೊಡೆದು ಹಾಕಿ ಮತ್ತೆ ಬರೆದಾಗಲೆಲ್ಲ ನಾನು ಸ್ವಲ್ಪ ಒಳ್ಳೆಯವನಾಗಿ ಕಾಣುತ್ತಿದ್ದೆ, ಅದಕ್ಕೆ ಮತ್ತೆ ಹೊಡೆದು ಹಾಕುತ್ತಿದ್ದೆ. ಈಗ ಸಾಕು. ನಾಳಿದ್ದು ಕಮಲನಗರಕ್ಕೆ ಹೋಗುತ್ತೇನೆ. ಶಾಂತಮ್ಮ ಇದ್ದಾರೆ ಎಂದು ವಿಚಾರಿಸಿಕೊಂಡಿದ್ದೇನೆ. ಇದನ್ನು ಅವರ ಕೈಗೆ ಕೊಟ್ಟು ಬಂದರೆ ಆಗುವುದಿಲ್ಲ, ಕೂತು ಮೊದಲಿನಿಂದ ಕೊನೆಯವರೆಗೆ ನಾನೇ ಓದಿ ಹೇಳಬೇಕು. ಅವರಿಗೆ ಓದಲು ಬರುವುದಿಲ್ಲ.